ಲಿಂಕನ್–ಡಗ್ಲಾಸ್ ವಾದವನ್ನು ಕಾಲೇಜು ಸಭಾಂಗಣದಲ್ಲಿ ನಡೆಸುವುದು ಹೇಗೆ

1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೆನೆಟ್ ಸ್ಥಾನಕ್ಕಾಗಿ ವಕೀಲ ಅಬ್ರಹಾಂ ಲಿಂಕನ್ ಮತ್ತು ಹಾಲಿ ಸೆನೆಟರ್ ಸ್ಟೀಫನ್ ಡಗ್ಲಾಸ್ ಅಲ್ಲಿನ ಏಳು ಊರುಗಳಲ್ಲಿ ಗುಲಾಮಗಿರಿಯ ಬಗ್ಗೆ ಎದುರುಬದುರಾಗಿ ವಾದಿಸಿದರು. ದಾವಣಗೆರೆಯ ಕಾಲೇಜಿನಲ್ಲಿ ಅದನ್ನು ಆಡಿಸಬೇಕೆಂದರೆ ಮೊದಲು ಸರಿಹೋಗಬೇಕಾದದ್ದು ಸಮಯದ ಲೆಕ್ಕ.

ಮೊದಲ ಭಾಷಣಕಾರನಿಗೆ 60 ನಿಮಿಷ, ಎದುರಾಳಿಗೆ 90, ಮತ್ತೆ ಮೊದಲಿನವನಿಗೆ 30. ಮೂರು ತಾಸು ನಮ್ಮ ಹುಡುಗರು ಕೂರುವುದಿಲ್ಲ; ಮೂರನೇ ಒಂದಕ್ಕೆ ಇಳಿಸಿ 20, 30, 10 ಇಟ್ಟುಕೊಳ್ಳಿ. ‘ಹೊತ್ತಾಯಿತು’ ಎಂದು ಕೊನೆಯ 10 ನಿಮಿಷ ಕತ್ತರಿಸುವುದೇ ಎಲ್ಲ ಕಡೆ ಆಗುವ ತಪ್ಪು. ಕತ್ತರಿಸಿದರೆ ಒಬ್ಬನಿಗೆ 20, ಇನ್ನೊಬ್ಬನಿಗೆ 30 ಸಿಕ್ಕಿ ತಕ್ಕಡಿ ವಾಲುತ್ತದೆ. ಕೊನೆಯ ಮಾತಿನ ಲಾಭ ಮೊದಲು ಎದ್ದವನಿಗೇ. ಆದ್ದರಿಂದಲೇ ಸರದಿ ಬದಲಾಗುತ್ತಿತ್ತು, ಡಗ್ಲಾಸ್ ನಾಲ್ಕು ಸಲ ಆರಂಭಿಸಿದ, ಲಿಂಕನ್ ಮೂರು ಸಲ. ಎರಡು ದಿನ ಸಿಕ್ಕರೆ ನೀವೂ ಸರದಿ ಬದಲಿಸಿ.

ನಡುವೆ ನಿಂತು ಪ್ರಶ್ನೆ ಕೇಳುವ ನಿರೂಪಕ ಬೇಡ, ಪಾಟೀಸವಾಲೂ ಬೇಡ. ಅಮೆರಿಕದ ಶಾಲೆಗಳಲ್ಲಿ ಇದೇ ಹೆಸರಿನ ಸ್ಪರ್ಧೆಯೊಂದಿದೆ, ಅದರ ನಿಯಮಗಳೇ ಬೇರೆ. ಇಲ್ಲಿ ಪ್ರಶ್ನೆ ಬರುವುದು ಭಾಷಣದೊಳಗೇ. ಆಗಸ್ಟ್ 21ರಂದು ಆಟವಾ ಊರಿನಲ್ಲಿ ಡಗ್ಲಾಸ್ ಕೇಳಿದ ಪ್ರಶ್ನೆಗಳಿಗೆ ಲಿಂಕನ್ 27ರಂದು ಫ್ರೀಪೋರ್ಟ್‌ನಲ್ಲಿ ಉತ್ತರಿಸಿ, ತನ್ನ ನಾಲ್ಕನ್ನು ಎಸೆದ. ಎರಡನೆಯದು ಬಲೆ: ರಾಜ್ಯವಾಗುವ ಮೊದಲೇ ಒಂದು ಪ್ರಾಂತ್ಯದ ಜನ ಗುಲಾಮಗಿರಿಯನ್ನು ಹೊರಗಿಡಬಹುದೇ? ಹೌದೆಂದರೆ, ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಸಂಸತ್ತಿಗಿಲ್ಲ ಎಂದ ಸುಪ್ರೀಂ ಕೋರ್ಟಿನ 1857ರ ಡ್ರೆಡ್ ಸ್ಕಾಟ್ ತೀರ್ಪಿಗೆ ವಿರುದ್ಧ. ಇಲ್ಲವೆಂದರೆ ಜನರೇ ತೀರ್ಮಾನಿಸಲಿ ಎಂಬ ಡಗ್ಲಾಸ್‌ನ ಸ್ವಂತ ಸಿದ್ಧಾಂತ ಮಣ್ಣುಪಾಲು. ಸ್ಥಳೀಯ ಪೊಲೀಸ್ ಕಾನೂನಿನ ಆಸರೆ ಇಲ್ಲದೆ ಗುಲಾಮಗಿರಿ ಒಂದು ದಿನವೂ ನಿಲ್ಲದು ಎಂದು ಡಗ್ಲಾಸ್ ಜಾರಿಕೊಂಡ. ಗುಲಾಮಗಿರಿಯಿದ್ದ ದಕ್ಷಿಣ ರಾಜ್ಯಗಳವರು ಅದನ್ನು ಕ್ಷಮಿಸಲಿಲ್ಲ. ಡಗ್ಲಾಸ್ ಪಾತ್ರಧಾರಿಗೆ ಈ ಉತ್ತರಕ್ಕೇ ಮೂರು ನಿಮಿಷ ಮೀಸಲಿಡಿ.

ಲಿಂಕನ್ ಪಾತ್ರದವನು ಸಾಮಾನ್ಯವಾಗಿ 1863ರ ಗುಲಾಮರ ವಿಮೋಚನಾ ಘೋಷಣೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ತೆಗೆಸಿ. 1858ರ ಲಿಂಕನ್ ಎಂದರೆ 1834ರಿಂದ ನಾಲ್ಕು ಅವಧಿ ರಾಜ್ಯ ಶಾಸಕ, 1836ರಲ್ಲಿ ವಕೀಲಿ ಪರವಾನಗಿ, 1847–49ರಲ್ಲಿ ಒಂದೇ ಅವಧಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯ, ಮತ್ತೆ ಕೋರ್ಟು. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿಯ ಬಾಗಿಲು ತೆರೆದ 1854ರ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆಯೇ ಅವನನ್ನು ರಾಜಕೀಯಕ್ಕೆ ಮರಳಿ ಎಳೆದದ್ದು. ಗುಲಾಮಗಿರಿ ಹರಡಬಾರದು ಎಂಬುದು ಆಗಿನ ವಾದ, ಇದ್ದಲ್ಲೂ ಕೂಡಲೇ ಕಿತ್ತೊಗೆಯಬೇಕು ಎಂಬುದಲ್ಲ. ಬಿಳಿಯರು, ಕರಿಯರ ನಡುವೆ ಸಾಮಾಜಿಕ, ರಾಜಕೀಯ ಸಮಾನತೆ ತರುವ ಪರ ತಾನಿಲ್ಲ ಎಂದು ಚಾರ್ಲ್ಸ್‌ಟನ್‌ನಲ್ಲಿ ಆಡಿದ ಮಾತನ್ನು ಮುಜುಗರಕ್ಕೆ ಹೆದರಿ ಬಿಡಬೇಡಿ. ಬಿಟ್ಟರೆ, ಲಿಂಕನ್ ಸಮಾನತೆಯ ಪರ ಎಂದು ಡಗ್ಲಾಸ್ ಪದೇಪದೇ ಯಾಕೆ ಚುಚ್ಚುತ್ತಿದ್ದ ಎಂಬುದೇ ತಿಳಿಯದು.

ಬೇಸಿಗೆಯಲ್ಲಾದರೆ ಸಂಜೆ ಐದೂವರೆಗೆ ಇಡಿ. ಮಧ್ಯೆ ವಿರಾಮ ಕೊಡಬೇಡಿ. ಮಂಡಕ್ಕಿ–ಮೆಣಸಿನಕಾಯಿಗೆ ಹೊರಬಿದ್ದ ದಾವಣಗೆರೆ ಸಭಿಕ ಹಿಂದಿರುಗುವುದಿಲ್ಲ.

ಇಬ್ಬರು ವರದಿಗಾರರನ್ನು ಕೂರಿಸಿ, ಪಕ್ಷಕ್ಕೊಬ್ಬರಂತೆ. ಷಿಕಾಗೊದ ಎರಡು ಪತ್ರಿಕೆಗಳು ಶೀಘ್ರಲಿಪಿಕಾರರನ್ನು ಕಳಿಸಿದ್ದವು. ತಮ್ಮವನ ಮಾತು ತಿದ್ದಿದಂತೆ, ಎದುರಾಳಿಯದು ತೊದಲಿದಂತೆ ಅಚ್ಚಾಗುತ್ತಿತ್ತು. ಮರುದಿನ ಎರಡೂ ವರದಿಗಳನ್ನು ನೋಟಿಸ್ ಬೋರ್ಡಿನಲ್ಲಿ ಪಕ್ಕಪಕ್ಕ ಅಂಟಿಸಿ.

ಕೈ ಎತ್ತಿಸಿ ಗೆಲುವು ಸಾರುವುದಾದರೆ ಒಂದು ಮಾತು ಮೊದಲೇ ಹೇಳಿಬಿಡಿ: ಆಗ ಸೆನೆಟರನ್ನು ಆರಿಸುತ್ತಿದ್ದದ್ದು ರಾಜ್ಯ ಶಾಸನಸಭೆ. 1859ರ ಜನವರಿಯಲ್ಲಿ ಅದು 54–46ರಿಂದ ಡಗ್ಲಾಸ್‌ನನ್ನೇ ಆರಿಸಿತು.