ಬೇಲಿ ಬದಿಯ ಮೂರೆಲೆ ಬಳ್ಳಿ

ನ್ಯೂಜೆರ್ಸಿಯಲ್ಲಿ ಮನೆ ತಗೊಂಡ ಮೊದಲ ಬೇಸಿಗೆ. ಹಿತ್ತಿಲ ಬೇಲಿಯುದ್ದಕ್ಕೂ ಹಬ್ಬಿದ್ದ ಬಳ್ಳಿಯನ್ನು ಬರಿಗೈಯಲ್ಲೇ ಕಿತ್ತೆ. ಅವತ್ತು ಏನೂ ಆಗಲಿಲ್ಲ. ವಾರ ಕಳೆದ ಮೇಲೆ ಮುಂಗೈಯಲ್ಲಿ ಗೆರೆ ಎಳೆದ ಹಾಗೆ ನೀರುಗುಳ್ಳೆ ಎದ್ದವು. ತುರಿಕೆಗೆ ರಾತ್ರಿ ನಿದ್ದೆಯಿಲ್ಲ. ಪಕ್ಕದ ಮನೆಯವರು ಬೇಲಿ ನೋಡಿದ ಕೂಡಲೇ ಹೇಳಿದರು, ಪಾಯ್ಸನ್ ಐವಿ ಅಂತ.

ನಮಗೆ ಇದು ತೀರಾ ಹೊಸದೇನಲ್ಲ. ಮಾವು, ಗೇರಿನ ಕುಟುಂಬದ್ದೇ ಗಿಡ ಇದು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರು, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳ ಚರ್ಮ ಸುಲಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ ಅಲ್ವಾ? ಇದರಲ್ಲಿರುವುದೂ ಅಂಥದ್ದೇ ಎಣ್ಣೆ, ಹೆಸರು ಉರುಶಿಯಾಲ್. ಎಲೆ, ಕಾಂಡ, ಬೇರು ಎಲ್ಲದರಲ್ಲೂ ಇದೆ. ಚಳಿಗಾಲದಲ್ಲಿ ಎಲೆ ಉದುರಿದ ಬಳ್ಳಿಯಲ್ಲೂ ಇದೆ.

ಇದರ ಗುರುತು: ಒಂದು ತೊಟ್ಟಿಗೆ ಮೂರು ಎಲೆ, ನಡುವಿನದಕ್ಕೆ ಮಾತ್ರ ಉದ್ದ ತೊಟ್ಟು. ಮರಕ್ಕೆ ಹತ್ತಿದ ಹಳೇ ಬಳ್ಳಿಯ ಮೈತುಂಬ ಕೂದಲಿನಂಥ ಬೇರು. ಐದೆಲೆ ಇದ್ದರೆ ಅದು ವರ್ಜೀನಿಯಾ ಕ್ರೀಪರ್, ಬೇರೆ ಗಿಡ.

ಎರಡನೇ ವರ್ಷ ಉದ್ದ ತೋಳಿನ ಅಂಗಿ, ಗ್ಲೌಸ್, ಬೂಟು ಎಲ್ಲ ಹಾಕಿಕೊಂಡೇ ಕಿತ್ತೆ. ಒಂದು ಗುಳ್ಳೆಯೂ ಏಳಲಿಲ್ಲ. ತಿಂಗಳಾದ ಮೇಲೆ, ಅವತ್ತು ಬಳ್ಳಿ ಕತ್ತರಿಸಿದ್ದ ಕತ್ತರಿಯಲ್ಲೇ ಗುಲಾಬಿ ಸವರಿದೆ. ಎರಡೇ ದಿನಕ್ಕೆ ಅಂಗೈ ಪಕ್ಕದಲ್ಲಿ ಗುಳ್ಳೆ! ಕತ್ತರಿಯ ಹಿಡಿಗೆ ಎಣ್ಣೆ ಅಂಟಿಕೊಂಡೇ ಇತ್ತು. ತೊಳೆಯದೆ ಬಿಟ್ಟರೆ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಇರುತ್ತದೆ.

ಆಗ ನೆನಪಾದದ್ದು ಅಮ್ಮನ ಅಡುಗೆಮನೆ. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಲು ಅವರು ಬಿಡುತ್ತಿರಲಿಲ್ಲ. ನಾನೂ ಈಗ ಹಾಗೇ. ಬಳ್ಳಿ ಮುಟ್ಟಿದ ಗ್ಲೌಸ್ ಮುಸುರೆ ಕೈ. ಅದರಲ್ಲಿ ಮುಖ, ಫೋನು, ಬಾಗಿಲ ಹಿಡಿ ಯಾವುದನ್ನೂ ಮುಟ್ಟುವುದಿಲ್ಲ. ತೆಳು ಲೇಟೆಕ್ಸ್ ಗ್ಲೌಸ್ ನಂಬಬೇಡಿ, ಎಣ್ಣೆ ಒಳಗೆ ಇಳಿಯುತ್ತದೆ. ಸಣ್ಣ ಸಸಿಯಾದರೆ ಗ್ಲೌಸ್ ಮೇಲೆ ಪ್ಲಾಸ್ಟಿಕ್ ಚೀಲ ತೊಟ್ಟು, ಬೇರು ಸಮೇತ ಕಿತ್ತು, ಚೀಲವನ್ನು ಹಾಗೇ ಒಳಹೊರಗು ಮಾಡಿ ಗಂಟು ಕಟ್ಟುತ್ತೇನೆ. ಅದು ಕಸಕ್ಕೆ, ಗೊಬ್ಬರದ ಗುಂಡಿಗಲ್ಲ. ಓಕ್ ಮರಕ್ಕೆ ಹತ್ತಿದ್ದ ದಪ್ಪ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ತಕ್ಷಣ ಬುಡದ ಗಾಯಕ್ಕೆ ಟ್ರೈಕ್ಲೋಪಿರ್ ಇರುವ ಕಳೆನಾಶಕವನ್ನು ಲೇಬಲ್‌ನಲ್ಲಿ ಹೇಳಿದಂತೆ ಬ್ರಷ್‌ನಲ್ಲಿ ಹಚ್ಚಿದೆ. ಮೇಲಿನ ಬಳ್ಳಿಯನ್ನು ಎಳೆಯಲಿಲ್ಲ, ಮರದ ಮೇಲೆಯೇ ಒಣಗಲಿ ಎಂದು ಬಿಟ್ಟೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಊರಲ್ಲಿ ತೋಟದ ಕಸ ಗುಡ್ಡೆ ಹಾಕಿ ಬೆಂಕಿ ಕೊಡುವ ರೂಢಿ ನಮಗೆ. ಇದನ್ನು ಮಾತ್ರ ಸುಡಬೇಡಿ. ಎಣ್ಣೆ ಹೊಗೆಯ ಜೊತೆ ಗಂಟಲಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಜೀವಕ್ಕೇ ಅಪಾಯ. ಹುಲ್ಲು ಕತ್ತರಿಸುವ ಯಂತ್ರವನ್ನೂ ಇದರ ಮೇಲೆ ಹಾಯಿಸಬೇಡಿ, ಚೂರುಗಳು ಮೈಮೇಲೆ ಸಿಡಿಯುತ್ತವೆ.

ಕೆಲಸ ಮುಗಿದ ತಕ್ಷಣ ಸ್ನಾನ. ಮೊದಲ ಹತ್ತು ನಿಮಿಷ ಬಹಳ ಮುಖ್ಯ. ಸುಮ್ನೆ ನೀರು ಸುರಿದರೆ ಸಾಲದು. ಕೈಗೆ ಗ್ರೀಸ್ ಮೆತ್ತಿದಾಗ ಮಾಡುವ ಹಾಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಒರಟು ಬಟ್ಟೆಯಲ್ಲಿ ಉಜ್ಜಿ, ಎರಡು ಮೂರು ಸಲ ತೊಳೆಯುತ್ತೇನೆ. ಬಟ್ಟೆ ಬೇರೆಯಾಗಿ ವಾಷಿಂಗ್ ಮಷೀನಿಗೆ. ಕತ್ತರಿ, ಬೂಟು, ಬೂಟಿನ ಲೇಸು ಕೂಡ ಸೋಪಿನಲ್ಲಿ ತೊಳೆಯುತ್ತೇನೆ. ನಾಯಿ ಬೇಲಿ ಕಡೆ ಹೋಗಿದ್ದರೆ ಅದಕ್ಕೂ ಸ್ನಾನ, ಕೂದಲಿನ ಎಣ್ಣೆ ಮಕ್ಕಳ ಕೈಗೆ ಬರುತ್ತದೆ.

ಗುಳ್ಳೆ ಎದ್ದರೆ ತಣ್ಣೀರು ಬಟ್ಟೆ, ಕ್ಯಾಲಮೈನ್ ಲೋಷನ್ ಸಾಮಾನ್ಯವಾಗಿ ಸಾಕಾಗುತ್ತದೆ. ಎರಡು ಮೂರು ವಾರದಲ್ಲಿ ಮಾಯುತ್ತದೆ. ಗುಳ್ಳೆಯ ನೀರಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಕಣ್ಣು, ಮುಖ ಊದಿಕೊಂಡರೆ ವೈದ್ಯರ ಹತ್ತಿರ ಹೋಗಬೇಕು. ಉಸಿರು ಕಟ್ಟಿದರೆ ಕಾಯಬಾರದು, ತಕ್ಷಣ ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.

ಹಕ್ಕಿಗಳು ಇದರ ಬಿಳಿ ಹಣ್ಣು ತಿಂದು ಬೀಜ ಉದುರಿಸುತ್ತವೆ. ಹಾಗಾಗಿ ಪ್ರತಿ ಮೇ ತಿಂಗಳು ಬೇಲಿಯ ಬುಡ ನೋಡುತ್ತಾ ಒಂದು ಸುತ್ತು ಬರುತ್ತೇನೆ. ಈ ಸಲ ನಾಲ್ಕು ಕೆಂಪು ಚಿಗುರು ಸಿಕ್ಕವು. ಮಳೆ ಬಂದ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಬೇರು ಸಮೇತ ತೆಗೆದೆ.