ಸಂಪ್ ಪೈಪಿನ ಸೋರಿಕೆ: ನಾನು ರಿಪೇರಿ ಮಾಡಿದ ಬಗೆ

“ಇಲ್ಲೇನೋ, ಉಪ್ಪು ಚೆಲ್ಲಿದೀಯಾ?” ಕಸ ಗುಡಿಸುತ್ತಿದ್ದ ಅಮ್ಮ ಹೀಗೆ ಕೇಳಿದಾಗಲೇ ನನಗೆ ಸೋರಿಕೆ ಖಾತ್ರಿಯಾಗಿದ್ದು. ನಮ್ಮದು ನಾಲ್ಕು ಅಡಿಯ ಸಮುದ್ರನೀರಿನ ಅಕ್ವೇರಿಯಂ. ಅದರ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಸಂಪ್, ಅಂದರೆ ಫಿಲ್ಟರ್ ತೊಟ್ಟಿ. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಎರಡು ವಾರದಿಂದ ಸುಳಿವು ಕೊಡುತ್ತಲೇ ಇತ್ತು. ಸಾಪೇಕ್ಷ ಸಾಂದ್ರತೆ 1.025 ಇರಬೇಕಾದದ್ದು 1.023ಕ್ಕೆ ಇಳಿದಿತ್ತು. ಆವಿಯಾದರೆ ನೀರು ಮಾತ್ರ ಹೋಗುತ್ತದೆ, ಸೋರಿದರೆ ಉಪ್ಪೂ ಹೋಗುತ್ತದೆ. ನಾನು ಆವಿಯೆಂದೇ ತಿಳಿದು ಉಪ್ಪಿಲ್ಲದ ಆರ್‌ಒ ನೀರು ಸುರಿಯುತ್ತಾ ಬಂದಿದ್ದೆ.

ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ. ನೀರು ಪೈಪಿನ ಮೈಮೇಲೆ ಇಳಿದು, ಎಲ್ಬೋದ (ಪೈಪಿನ ಬಾಗು ತುಂಡಿನ) ಮೂಲೆಯಲ್ಲಿ ನಿಂತು, ಅಲ್ಲಿಂದ ತೊಟ್ಟಿಕ್ಕುತ್ತದೆ. ಪೈಪನ್ನೆಲ್ಲ ಒರೆಸಿ, ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ಒಂದು ಗಂಟೆ ಬಿಟ್ಟೆ. ಎರಡು ಕಡೆ ಒದ್ದೆಯಾಗಿತ್ತು: ಓವರ್‌ಫ್ಲೋ ಪೆಟ್ಟಿಗೆಯ (ಮೇಲಿನ ತೊಟ್ಟಿಯಲ್ಲಿ ಅಡ್ಡಗಾಜು ಹಾಕಿ ಮಾಡಿದ, ನೀರು ಸಂಪಿಗೆ ಇಳಿಯುವ ಖಾನೆಯ) ತಳದ ಟ್ಯಾಂಕ್ ಕನೆಕ್ಟರ್, ಅಂದರೆ ಗಾಜಿನ ತೂತಿಗೆ ಪೈಪ್ ಸೇರಿಸುವ ಬಿಡಿಭಾಗ; ಅದರ ಕೆಳಗೆ ಅಂಟಿಸಿದ್ದ ಎಲ್ಬೋ.

ಕರೆಸಿದ ಪ್ಲಂಬರ್ ಅಣ್ಣ, “ಸಾರ್, ನಟ್ ಇನ್ನೊಂದು ಸುತ್ತು ಬಿಗಿ ಮಾಡಿ, ಸುತ್ತ ಸಿಲಿಕಾನ್ ಹಾಕಿಬಿಡೋಣ” ಎಂದರು. ಇಲ್ಲದಿದ್ದರೆ ಹಿತ್ತಾಳೆ ನಿಪ್ಪಲ್ (ಜೋಡಣೆಯ ತುಂಡು ಪೈಪ್) ಹಾಕಿ, ಸೆಣಬು ಸುತ್ತಿ ಸಫೇದಾ (ಪ್ಲಂಬರುಗಳ ಬಿಳಿ ಪೇಸ್ಟ್) ಬಳಿಯುವುದಾಗಿ ಹೇಳಿದರು. ಮನೆಯ ನೀರಿನ ಲೈನಿಗೆ ಅದು ನಡೆದೀತು, ಇಲ್ಲಿ ಮಾತ್ರ ಸಾಧ್ಯವೇ ಇಲ್ಲ. ಹಿತ್ತಾಳೆಯಲ್ಲಿ ತಾಮ್ರವಿದೆ, ಅದು ಸೀಗಡಿ, ಹವಳಗಳಿಗೆ ವಿಷ. ಅವರನ್ನು ಕಾಫಿ ಕೊಟ್ಟು ಕಳಿಸಿ, ಭಾನುವಾರ ನಾನೇ ಕೂತೆ.

ಪಂಪ್ ಆಫ್ ಮಾಡಿ, ಓವರ್‌ಫ್ಲೋ ಪೆಟ್ಟಿಗೆಯ ನೀರನ್ನಷ್ಟೇ ಸೈಫನ್ ಮಾಡಿ ಬಕೆಟ್ಟಿಗೆ ತೆಗೆದೆ. ಮೇಲಿನ ತೊಟ್ಟಿಯ ನೀರು ಅಡ್ಡಗಾಜಿನ ಆಚೆ ಹಾಗೇ ನಿಲ್ಲುತ್ತದೆ, ಮೀನುಗಳನ್ನು ಎತ್ತಬೇಕಿಲ್ಲ. ಅಲ್ಲಿ ನೀರನ್ನು ಕಲಕುವ ವೇವ್‌ಮೇಕರ್ ಓಡುತ್ತಿತ್ತು. ಸಂಪಿನ ಕಲ್ಲುಗಳಲ್ಲಿರುವ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕಲ್ಲ, ಕೆಳಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಒಂದನ್ನು ಹಾಕಿದೆ.

ಕನೆಕ್ಟರ್ ಬಿಚ್ಚಿದ ಕೂಡಲೇ ಕಾರಣ ಕಂಡಿತು. ರಬ್ಬರ್ ಗ್ಯಾಸ್ಕೆಟ್ ಕೆಳಗೆ, ನಟ್ಟಿನ ಕಡೆ ಇತ್ತು. ಅದು ಇರಬೇಕಾದದ್ದು ನೀರಿನ ಕಡೆ, ಕನೆಕ್ಟರಿನ ಅಗಲ ತಲೆಗೂ ಗಾಜಿಗೂ ನಡುವೆ. ನಟ್ಟಿನ ಕಡೆ ಹಾಕಿದರೆ ನೀರು ತೂತಿಗೆ ಇಳಿದು, ಮರೆಯ (ತಿರುಪಿನ ಸುತ್ತುಗಳ) ಸಂದಿಯಿಂದ ಹೊರಗೆ ಬರುತ್ತದೆ. ಇಲ್ಲಿ ನೀರು ತಡೆಯುವುದು ಗ್ಯಾಸ್ಕೆಟ್, ಮರೆ ಅಲ್ಲ. ಆದ್ದರಿಂದ ಈ ಮರೆಗೆ ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ. ಉಪ್ಪಿನ ಹಕ್ಕಳೆಯನ್ನು ವಿನೆಗರ್‌ನಿಂದ ತೊಳೆದು, ಹಳೇ ಸಿಲಿಕಾನನ್ನು ಬ್ಲೇಡಿನಿಂದ ಹೆರೆದು, ಹೊಸ ಗ್ಯಾಸ್ಕೆಟ್ ಕೂರಿಸಿದೆ. ನಟ್ಟನ್ನು ಕೈಯಲ್ಲಿ ಬಿಗಿದು, ಆಮೇಲೆ ಕಾಲು ಸುತ್ತು, ಅಷ್ಟೆ. ಇನ್ನೂ ಬಿಗಿದರೆ ರಬ್ಬರ್ ಹಿಸುಕಿ ಪಕ್ಕಕ್ಕೆ ಜಾರುತ್ತದೆ, ಗಾಜೂ ಸೀಳಬಹುದು. ಕೆಲವು ಕನೆಕ್ಟರುಗಳ ಮರೆ ಎಡಸುತ್ತಿನದಾಗಿರುತ್ತದೆ, ಬಿಚ್ಚುವಾಗ ಬಲ ಹಾಕುವ ಮುಂಚೆ ನೋಡಿಕೊಳ್ಳಿ.

ಎಲ್ಬೋದ್ದು ಬೇರೆ ಕತೆ. ಸಾಲ್ವೆಂಟ್ ಸಿಮೆಂಟ್ ಗೋಂದಿನಂತೆ ಅಂಟುವುದಿಲ್ಲ, ಪಿವಿಸಿಯ ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಒಳಗೆ ಹಿಡಿಯದ ಜಾಯಿಂಟಿಗೆ ಹೊರಗಿನಿಂದ ಎಷ್ಟು ಬಳಿದರೂ ಅಷ್ಟೇ. ಕತ್ತರಿಸಿ ತೆಗೆದಾಗ ಪೈಪ್ ಅರ್ಧದವರೆಗೆ ಮಾತ್ರ ಒಳಗೆ ಹೋಗಿತ್ತು, ತುದಿಯೂ ಓರೆ. ಹೊಸ ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಸಿಬಿರು ತೆಗೆದು, ಉಪ್ಪುಕಾಗದದಲ್ಲಿ ಉಜ್ಜಿ, ಒಣಗಿಸಿದೆ. ಪೈಪಿಗೂ ಎಲ್ಬೋದ ಒಳಮೈಗೂ ಸಿಮೆಂಟ್ ಬಳಿದು, ತಿರುವುತ್ತಾ ತಳ ಮುಟ್ಟುವ ತನಕ ತಳ್ಳಿ, ಅರ್ಧ ನಿಮಿಷ ಹಿಡಿದುಕೊಂಡೆ. ಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಜಾರುತ್ತದೆ. ಇನ್ನೊಮ್ಮೆ ಕತ್ತರಿಸುವ ಪಾಡು ಬೇಡವೆಂದು ನಡುವೆ ಒಂದು ಯೂನಿಯನ್ (ಬಿಚ್ಚಿ ಮತ್ತೆ ಜೋಡಿಸಬಹುದಾದ ಜಾಯಿಂಟ್) ಸೇರಿಸಿ, ಅದರ ಓ-ರಿಂಗಿಗೆ (ರಬ್ಬರ್ ಉಂಗುರಕ್ಕೆ) ಸಿಲಿಕಾನ್ ಗ್ರೀಸ್ ಸವರಿದೆ.

ಆ ರಾತ್ರಿಯೆಲ್ಲ ಒಣಗಲು ಬಿಟ್ಟು, ಬೆಳಿಗ್ಗೆ ಪಂಪ್ ಹಾಕಿ ಮತ್ತೆ ಟಿಶ್ಯೂ ಸುತ್ತಿದೆ. ಸಂಜೆಯವರೆಗೂ ಒಣಗಿಯೇ ಇತ್ತು. ಉಪ್ಪನ್ನು ಒಮ್ಮೆಲೇ ಏರಿಸದೆ, ದಿನಕ್ಕೆ 0.001ರಂತೆ ಎರಡು ದಿನದಲ್ಲಿ 1.025ಕ್ಕೆ ತಂದೆ.