ಔಷಧಿಗೆ ಮೊದಲು ಸಂಕ

ಆಗುಂಬೆ ಕಡೆಯ ಅಡಿಕೆ ಬೆಳೆಗಾರನಿಗೆ ಮೇ ತಿಂಗಳ ಕೊನೆಯ ವಾರ ಪುರುಸೊತ್ತಿಲ್ಲದ ಹೊತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಕೊಳೆರೋಗ ತಡೆಯುವ ಔಷಧಿ, ಬೋರ್ಡೋ ದ್ರಾವಣ, ಬೀಳಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತಪ್ಪಿದರೆ ಕಾಯಿ ಕೊಳೆತು ಉದುರುತ್ತದೆ. ಮರ ಹತ್ತುವವರು ಸಿಗುವುದು ಎರಡೇ ದಿನ. ಶಾಲೆ ತೆರೆಯುವುದೂ ಆಗಲೇ. ಶಾಲೆಗೆ ಹೋಗಲು ನಮ್ಮ ಮಕ್ಕಳು ಹಳ್ಳ ದಾಟಬೇಕು. ಹೀಗಾಗಿ ನಾನು ಮೊದಲು ಕಾಲುಸಂಕ, ಅಂದರೆ ಹಳ್ಳ ದಾಟುವ ಮರದ ಕಿರುಸೇತುವೆ, ಹಾಕಿ, ಆಮೇಲೆ ಔಷಧಿಗೆ ಕೈ ಹಾಕುತ್ತೇನೆ.

ಮೊದಲ ವರ್ಷ ಗಾಳಿಗೆ ಬಿದ್ದ ಎಳೆಯ ಅಡಿಕೆ ಮರಗಳನ್ನೇ ಹಾಕಿದ್ದೆ. ಹೊರಗೆ ಗಟ್ಟಿ ಕಂಡರೂ ಒಳಗೆಲ್ಲ ತಿರುಳು. ನೀರು ಕುಡಿದು ಕುಡಿದು, ಪುಷ್ಯ ಮಳೆಯ ಒಂದು ಮಧ್ಯಾಹ್ನ ನಡುವಿನ ಮರ ಮುರಿಯಿತು. ಬೆಳಗ್ಗೆ ಅದರ ಮೇಲೆಯೇ ಮಗಳು ಶಾಲೆಗೆ ಹೋಗಿದ್ದಳು. ಸಂಜೆ ಗುಡ್ಡ ಬಳಸಿ, 6 ಕಿಲೋಮೀಟರ್ ನಡೆದು, ಅವಳನ್ನು ಹೆಗಲ ಮೇಲೆ ಕರೆತಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಹಳೆಯ, ಫಸಲು ನಿಂತ ಮರಗಳನ್ನೇ ಆರಿಸುತ್ತೇನೆ. ಕತ್ತಿಯ ಬೆನ್ನಿನಿಂದ ಬಡಿದರೆ ಬಲಿತ ಮರ ಠಣ್ ಎನ್ನುತ್ತದೆ. ಎರಡೂ ದಡದಲ್ಲಿ ಬಂಡೆಯಿರುವ ಜಾಗವೇ ಆಗಬೇಕು. ಮಣ್ಣಿನ ದಡ ಆರಿದ್ರಾ ಮಳೆಗೇ ಕುಸಿಯುತ್ತದೆ. ಹೋದ ವರ್ಷದ ನೆರೆಯ ಕಸಕಡ್ಡಿ ಪೊದೆಗಳಲ್ಲಿ ಸಿಕ್ಕಿಕೊಂಡು ಒಣಗಿರುತ್ತದಲ್ಲ, ಆ ಗುರುತಿಗಿಂತ ಎರಡು ಮೊಳ ಮೇಲೆ ಸಂಕ ಕೂರಿಸುತ್ತೇನೆ. ನಾಲ್ಕು ಮರ ಒತ್ತಾಗಿ ಜೋಡಿಸಿ, ತಂತಿ ಬಿಗಿದು, ಕಾಲು ಜಾರದಂತೆ ಅಡ್ಡಲಾಗಿ ದಬ್ಬೆ, ಅಂದರೆ ಸೀಳಿದ ಮರದ ಪಟ್ಟಿ, ಹೊಡೆಯುತ್ತೇನೆ. ದಬ್ಬೆಗಳ ಅಂತರಕ್ಕೆ ನನ್ನ ಹೆಜ್ಜೆ ಲೆಕ್ಕಕ್ಕಿಲ್ಲ. ಹಾಕುವ ಮೊದಲು ಮೇಲಿನ ಮನೆಯ ಒಂದನೇ ತರಗತಿಯ ಹುಡುಗನನ್ನು ಅಂಗಳದಲ್ಲಿ ನಡೆಸಿ, ಅವನ ಪಾದ ಊರಿದಲ್ಲೆಲ್ಲ ಸುಣ್ಣದಿಂದ ಗೆರೆ ಎಳೆದುಕೊಳ್ಳುತ್ತೇನೆ. ಹಿಡಿದುಕೊಳ್ಳಲು ಎರಡು ಬಿದಿರ ಗಳ ಕಟ್ಟುತ್ತೇನೆ: ಒಂದು ದೊಡ್ಡವರ ಸೊಂಟದ ಎತ್ತರಕ್ಕೆ, ಇನ್ನೊಂದು ಅವನ ಕೈಗೆ ಎಟುಕುವಂತೆ.

ಜುಲೈ ಹೊತ್ತಿಗೆ ಸಂಕದ ಮೇಲೆ ಹಾವಸೆ, ಅಂದರೆ ಪಾಚಿ, ಕಟ್ಟುತ್ತದೆ. ಪ್ರತಿ ಭಾನುವಾರ ಕಡ್ಡಿ ಪೊರಕೆ ಹಿಡಿದು ತಿಕ್ಕುತ್ತೇನೆ, ತಂತಿಯನ್ನೂ ಒಮ್ಮೆ ಎಳೆದು ನೋಡುತ್ತೇನೆ. ನೀರು ದಬ್ಬೆಗೆ ತಾಗಿದ ದಿನ ಯಾರನ್ನೂ ದಾಟಿಸುವುದಿಲ್ಲ. ಹಾಜರಿ ಹೋದರೆ ಹೋಗಲಿ, ಆ ಮಾತನ್ನು ಮೇಷ್ಟರಿಗೆ ಮೊದಲೇ ಹೇಳಿಟ್ಟಿದ್ದೇನೆ.

ಹೋದ ವರ್ಷ ಮಳೆ ಬೇಗ ಹಿಡಿದು, ಕೆಳಗಿನ ತೋಟಕ್ಕೆ ಔಷಧಿ ಹೊಡೆಯಲಾಗದೆ ಸಾಕಷ್ಟು ಅಡಿಕೆ ಉದುರಿತು. ಸಾಲದ ಕಂತಿಗೆ ಅದು ದೊಡ್ಡ ಹೊಡೆತ. ಆದರೂ ಕೆಲಸದ ಸರದಿ ಬದಲಿಸಿಲ್ಲ. ಪಕ್ಕಾ ಸಂಕಕ್ಕೆ ಕೊಟ್ಟ ಅರ್ಜಿ ಇನ್ನೂ ಕಡತದಲ್ಲಿಯೇ ಇದೆ. ಈ ಸಲಕ್ಕೆ ನಾಲ್ಕು ಮರಗಳಿಗೆ ಸುಣ್ಣದ ಗುರುತು ಹಾಕಿಟ್ಟಿದ್ದೇನೆ.